ಇಲಿಗೆ ಕೊಟ್ಟ ಔಷಧಿಯನ್ನು ನಮ್ಮ ಅಂಗಡಿಯಲ್ಲಿ ಕೇಳುತ್ತಾರೆ

ಮಾನ್ಯ ಸಂಪಾದಕರೆ,

ಮೊನ್ನೆ ನಿಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಒಂದು ಸುದ್ದಿ ಬಂದಿತ್ತು. ಬೊಜ್ಜಿಗೆ ಕಾರಣ ಮಿದುಳಿನ ಉರಿಯೂತ, ಔಷಧಿ ಸಿಕ್ಕಿದೆ ಎಂದು ದೊಡ್ಡ ಅಕ್ಷರದ ತಲೆಬರಹ. ಉರಿಯೂತ ಅಂದರೆ ಗಾಯ, ಸೋಂಕು ಆದಾಗ ಮೈ ಕೆರಳಿ ಬರುವ ಬಾವು. ಕೆಳಗೆ ನಾಲ್ಕು ಪ್ಯಾರಾ. ಕೊನೆಯ ಪ್ಯಾರಾದಲ್ಲಿ, ಹುಡುಕಿದವರಿಗೆ ಮಾತ್ರ ಸಿಗುವ ಹಾಗೆ, ಈ ಪ್ರಯೋಗ ನಡೆದದ್ದು ಇಲಿಗಳ ಮೇಲೆ ಅಂತ ಒಂದು ಸಾಲು. ನಾನು ಬಾಗಲಕೋಟೆಯ ನವನಗರದಲ್ಲಿ ಮೆಡಿಕಲ್ ಅಂಗಡಿ ನಡೆಸುವವನು. ನೀವು ಮುಂಜಾನೆ ಹಾಕಿದ ತಲೆಬರಹ ಸಂಜೆಯೊಳಗೆ ನನ್ನ ಕೌಂಟರಿಗೆ ಬಂದು ನಿಲ್ಲುತ್ತದೆ. ಅದಕ್ಕೇ ಈ ಪತ್ರ.

ಅವತ್ತು ಸಂಜೆ ಬೀಳಗಿ ಕಡೆಯ ಒಬ್ಬ ತಾಯಿ ಆ ಸುದ್ದಿಯ ಫೋಟೊವನ್ನು ಮೊಬೈಲಿನಲ್ಲಿ ತೋರಿಸುತ್ತ ಬಂದರು. ಜೊತೆಗೆ ಕಾಲೇಜಿಗೆ ಹೋಗುವ ಮಗಳು. "ಅಣ್ಣಾರ, ತಲ್ಯಾಗಿನ ಬಾವು ಇಳಸೂ ಗುಳಿಗಿ ಬಂದೈತಂತಲ್ರಿ, ಇಕಿಗೆ ಒಂದ್ ತಿಂಗಳದ್ದು ಕೊಡ್ರಿ" ಎಂದರು. ಮಗಳು ಕಪಾಟಿನ ಕಡೆ ಮುಖ ಮಾಡಿ ನಿಂತಿದ್ದಳು. ಅಂಥ ಗುಳಿಗೆ ಇಲ್ರಿ ಅಕ್ಕಾರ, ಅದು ಇನ್ನೂ ಇಲಿಗೆ ಕೊಟ್ಟು ನೋಡಿದ್ದು ಎಂದೆ. "ಪೇಪರಿನ್ಯಾಗ ಬಂದೈತಲ್ರಿ" ಎಂದರು. ಪೇಪರಿನ ಮುಂದೆ ನನ್ನ ಮಾತು ಎಷ್ಟರದು? ಅವರು ಮುಂದಿನ ಅಂಗಡಿಗೆ ಹೋದರು. ಮರುದಿನ ಇನ್ನೊಬ್ಬರು ಬಂದು, ಉರಿಯೂತ ಅಂದರೆ ಡೆಕ್ಸಾಮೆಥಾಸೋನ್ ಗುಳಿಗೆ ನಡೆಯುತ್ತಲ್ಲ, ಅದನ್ನೇ ಕೊಡಿ, ಮೊಣಕಾಲು ನೋವಿಗೂ ಆಗುತ್ತದೆ ಎಂದರು. ಇದನ್ನು ಕೇಳಿ ನನಗೆ ನಿಜಕ್ಕೂ ಹೆದರಿಕೆಯಾಯಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಹಾಗಂತ ನಿಮ್ಮ ಸುದ್ದಿ ಸುಳ್ಳು ಎನ್ನುತ್ತಿಲ್ಲ. ಅದರ ಮೊದಲ ಅರ್ಧ ಬಹಳ ಒಳ್ಳೆಯ ವಿಷಯ. ನಮ್ಮ ಭಾಗದ ಮನೆಮನೆಗೂ ಮುಟ್ಟಬೇಕಾದದ್ದು. ಎರಡನೇ ಅರ್ಧದಲ್ಲಿ ಮಾತ್ರ ನೀವು ಇಲಿಯಿಂದ ಮನುಷ್ಯನಿಗೆ ಒಂದೇ ನೆಗೆತ ನೆಗೆದಿದ್ದೀರಿ.

ಮೊದಲ ಅರ್ಧವನ್ನು ನನಗೆ ತಿಳಿದಷ್ಟು ಬಿಡಿಸಿ ಹೇಳುತ್ತೇನೆ. ನೀವು ನಾಲ್ಕು ಪ್ಯಾರಾದಲ್ಲಿ ಓಡಿಸಿದ್ದು ಓದುಗರಿಗೆ ಸಾಲದು. ಹೊಟ್ಟೆ ತುಂಬಿತೋ ಇಲ್ಲವೋ, ಮೈಯಲ್ಲಿ ಎಷ್ಟು ಕೊಬ್ಬು ಉಳಿದಿದೆ ಎಂಬ ಲೆಕ್ಕ ಇಡುವುದು ಮಿದುಳಿನ ಬುಡದಲ್ಲಿರುವ ಹೈಪೋಥಲಾಮಸ್ ಎಂಬ ಪುಟ್ಟ ಭಾಗ. ಅಲ್ಲಿ ಎರಡು ಬಗೆಯ ನರಕೋಶಗಳಿವೆ. ಎಜಿಆರ್‌ಪಿ ಎಂಬ ಗುಂಪು 'ತಿನ್ನು' ಎನ್ನುತ್ತದೆ. ಪಿಓಎಂಸಿ ಎಂಬ ಗುಂಪು 'ಸಾಕು' ಎನ್ನುತ್ತದೆ. ಈ ಕೋಶಗಳಿಗೆ ಸುದ್ದಿ ಮುಟ್ಟಿಸುವುದು ರಕ್ತದಲ್ಲಿ ಬರುವ ಹಾರ್ಮೋನುಗಳು. ಅದರಲ್ಲಿ ಮುಖ್ಯವಾದದ್ದು ಲೆಪ್ಟಿನ್. ಇದು ನಮ್ಮ ಕೊಬ್ಬಿನಿಂದಲೇ ಹೊರಡುತ್ತದೆ. ಕೊಬ್ಬು ಜಾಸ್ತಿಯಾದರೆ ಲೆಪ್ಟಿನ್ ಜಾಸ್ತಿ, ಆಗ ಹಸಿವು ತಾನಾಗಿ ಇಳಿಯಬೇಕು. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಇದರ ಜೀನನ್ನು ಪತ್ತೆ ಹಚ್ಚಿದಾಗ ಬೊಜ್ಜಿನ ಕಥೆ ಮುಗಿಯಿತು ಎಂದೇ ಎಲ್ಲರೂ ತಿಳಿದರು. ಔಷಧ ಕಂಪನಿಯೊಂದು ಆರಂಭಕ್ಕೇ 2 ಕೋಟಿ ಡಾಲರ್ ಕೊಟ್ಟು ಅದರ ಹಕ್ಕು ಕೊಂಡಿತು. ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಬೆರಳೆಣಿಕೆಯ ಮಕ್ಕಳಿಗೆ ಕೊಟ್ಟಾಗ ಪವಾಡದ ಹಾಗೆ ಕೆಲಸ ಮಾಡಿತು. ಉಳಿದವರ ಮೇಲೆ ಅಂಥ ಪರಿಣಾಮವೇ ಕಾಣಲಿಲ್ಲ.

ಯಾಕೆಂದರೆ ದಪ್ಪಗಿರುವವರ ರಕ್ತದಲ್ಲಿ ಲೆಪ್ಟಿನ್ ಕಡಿಮೆ ಇರಲೇ ಇಲ್ಲ. ಬೇಕಾದಷ್ಟು ಇತ್ತು. ಮಿದುಳಿಗೆ ಅದು ಕೇಳಿಸುತ್ತಿರಲಿಲ್ಲ. ಮದುವೆ ಮನೆಯಲ್ಲಿ ಬ್ಯಾಂಡಿನವರ ಪಕ್ಕ ನಿಂತು ಅಡುಗೆಯವನಿಗೆ 'ಇನ್ನು ಅನ್ನ ಸಾಕಪ್ಪಾ' ಎಂದು ಎಷ್ಟು ಕೂಗಿದರೂ ಅವನು ಬೇಯಿಸುತ್ತಲೇ ಇರುತ್ತಾನಲ್ಲ, ಹಾಗೆ.

ಆ ಗದ್ದಲ ಯಾವುದು ಎಂಬ ಪ್ರಶ್ನೆಗೆ ಸಿಕ್ಕ ಒಂದು ಉತ್ತರವೇ ಉರಿಯೂತ. 2005ರಲ್ಲಿ ಬ್ರೆಜಿಲ್‌ನ ಕ್ಯಾಂಪಿನಾಸ್‌ನ ವಿಜ್ಞಾನಿಗಳು ಇಲಿಗಳಿಗೆ ಕೊಬ್ಬು ತುಂಬಿದ ಆಹಾರ ಹಾಕಿ, ಅವುಗಳ ಹೈಪೋಥಲಾಮಸ್‌ನಲ್ಲಿ ಉರಿಯೂತ ಆಗಿದ್ದನ್ನು ತೋರಿಸಿದರು. 2008ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ತಂಡವೊಂದು ಇನ್ನೂ ಮುಂದೆ ಹೋಗಿ, ಜೀವಕೋಶದೊಳಗೆ ಉರಿಯೂತದ ಸ್ವಿಚ್ಚು ಒತ್ತುವ ಒಂದು ಕಿಣ್ವವನ್ನು ಗುರುತಿಸಿತು. ಹಸಿವಿನ ಕೋಶಗಳಲ್ಲಿ ಆ ಕಿಣ್ವವನ್ನು ತೆಗೆದುಹಾಕಿದರೆ ಇಲಿ ಎಷ್ಟು ಕೊಬ್ಬು ತಿಂದರೂ ಬೇಗ ದಪ್ಪಗಾಗಲಿಲ್ಲ. ಪಾಮ್ ಎಣ್ಣೆ, ಡಾಲ್ಡಾಗಳಲ್ಲಿ ಜಾಸ್ತಿ ಇರುವಂಥ ಸ್ಯಾಚುರೇಟೆಡ್ ಕೊಬ್ಬಿನ ಆಮ್ಲಗಳನ್ನು ಕಂಡರೆ ಮಿದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾ ರೋಗಾಣು ಬಂತೇನೋ ಎಂಬಂತೆ ಕೆರಳುತ್ತವೆ. ಅವು ಸುರಿಸುವ ರಾಸಾಯನಿಕಗಳಿಂದ ಪಕ್ಕದ ಹಸಿವಿನ ಕೋಶಗಳಲ್ಲಿ ಲೆಪ್ಟಿನ್ ಮತ್ತು ಅದರ ಹಾಗೆಯೇ ಮಿದುಳಿಗೆ 'ಸಾಕು' ಎನ್ನುವ ಇನ್ಸುಲಿನ್, ಇವೆರಡರ ಸಂದೇಶಕ್ಕೂ ಅಡ್ಡಿಯಾಗುತ್ತದೆ. ಮಿದುಳಿನ ಉಳಿದ ಕಡೆ ರಕ್ತದಲ್ಲಿನ ವಸ್ತುಗಳು ಒಳಗೆ ಬಾರದಂತೆ ಗಟ್ಟಿ ತಡೆ ಇರುತ್ತದೆ. ಈ ಜಾಗದ ಹತ್ತಿರ ಆ ತಡೆ ಸ್ವಲ್ಪ ಸಡಿಲ. ರಕ್ತದ ಸುದ್ದಿ ತಿಳಿಯಬೇಕಲ್ಲ, ಅದಕ್ಕೆ. ಏಟು ಬೀಳುವುದೂ ಅಲ್ಲಿಗೇ.

ನನ್ನನ್ನು ಬೆರಗಾಗಿಸಿದ್ದು 2012ರಲ್ಲಿ ಸಿಯಾಟಲ್‌ನವರು ಕಂಡದ್ದು. ಕೊಬ್ಬಿನ ಆಹಾರ ಶುರುವಾದ ಒಂದರಿಂದ ಮೂರು ದಿನದಲ್ಲೇ ಇಲಿಯ ಹೈಪೋಥಲಾಮಸ್‌ನಲ್ಲಿ ಉರಿಯೂತ ಕಾಣಿಸಿಕೊಂಡಿತು. ಇನ್ನೂ ತೂಕ ಏರಿಯೇ ಇಲ್ಲ! ಸ್ವಲ್ಪ ದಿನ ಅದು ತಣ್ಣಗಾಯಿತು, ವಾರಗಳು ಕಳೆದ ಮೇಲೆ ಮತ್ತೆ ಬಂದು ಅಲ್ಲೇ ಉಳಿಯಿತು. ಅದೇ ತಂಡ ದಪ್ಪ ಮೈಯ ಮನುಷ್ಯರ ಎಂಆರ್‌ಐ ತೆಗೆದಾಗ ಅದೇ ಜಾಗದಲ್ಲಿ ಗಾಯ ಮಾಯ್ದ ಕಲೆಯಂಥ ಗುರುತು ಕಂಡಿತು. ಅಂದರೆ ನಾವು ದಪ್ಪಗಾದ ಮೇಲೆ ಮಿದುಳು ಕೆಡುತ್ತದೆ ಎಂದಷ್ಟೇ ತಿಳಿದರೆ ಅರ್ಧ ತಿಳಿದ ಹಾಗೆ. ಕೆಡುವುದು ಮೊದಲು, ದಪ್ಪಗಾಗುವುದು ಆಮೇಲೆ ಎಂಬ ದಾರಿಯೂ ಇದೆ.

2025ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಮನುಷ್ಯರ ಮೇಲೇ ಒಂದು ಪ್ರಯೋಗ ಬಂತು. ಸಾಧಾರಣ ತೂಕದ 29 ಗಂಡಸರು. ಅವರಲ್ಲಿ ಒಂದು ಗುಂಪಿಗೆ ಐದು ದಿನ ದಿನದ ಊಟದ ಮೇಲೆ ಚಿಪ್ಸು, ಚಾಕೊಲೇಟಿನಂಥ ತಿಂಡಿಯಿಂದ ಸಾವಿರಕ್ಕೂ ಜಾಸ್ತಿ ಕ್ಯಾಲರಿ ಕೊಟ್ಟರು. ತೂಕದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. ಆದರೆ ಯಕೃತ್ತಿನಲ್ಲಿ ಕೊಬ್ಬು ಏರಿತು, ಮಿದುಳು ಇನ್ಸುಲಿನ್‌ಗೆ ಸ್ಪಂದಿಸುವ ರೀತಿ ಬದಲಾಯಿತು, ಮಾಮೂಲಿ ಊಟಕ್ಕೆ ಮರಳಿ ಒಂದು ವಾರವಾದರೂ ಅದು ಪೂರ್ತಿ ಸರಿಹೋಗಿರಲಿಲ್ಲ. ಇದು ಉರಿಯೂತವನ್ನೇ ಅಳೆದ ಪ್ರಯೋಗವಲ್ಲ, ಆದರೆ ದಿಕ್ಕು ಅದೇ. ಐದು ದಿನ ಅಂದರೆ ನಮ್ಮಲ್ಲಿ ಒಂದು ಮದುವೆ ಮತ್ತು ಅದರ ಹಿಂದು ಮುಂದಿನ ಊಟಗಳು, ಅಷ್ಟೇ.

ಇದರಲ್ಲಿ ನಿಮ್ಮ ಓದುಗರಿಗೆ ಮುಟ್ಟಬೇಕಾದ ಮಾತು ಯಾವುದು ಅಂದರೆ, ದಪ್ಪಗಿರುವ ಹುಡುಗಿಗೆ ಬಾಯಿ ಕಟ್ಟು ಎಂದು ಬಯ್ಯುವುದರಿಂದ ಏನೂ ಆಗುವುದಿಲ್ಲ. ಅವಳ ಹಸಿವು ಸುಳ್ಳಲ್ಲ. ಮಿದುಳು ಅವಳಿಗೆ ಇನ್ನೂ ಸಾಕಾಗಿಲ್ಲ ಎಂದೇ ಹೇಳುತ್ತಿದೆ. ಅವತ್ತು ನನ್ನ ಅಂಗಡಿಯಲ್ಲಿ ಆ ತಾಯಿ, ಮಗಳು ಎದುರಿಗಿರುವಾಗಲೇ, "ಎಷ್ಟ್ ತಿಂತಾಳ್ರಿ ಇಕಿ, ಲಗ್ನಾ ಹೆಂಗ ಆಗಬೇಕು" ಎಂದರು. ನಿಮ್ಮ ತಲೆಬರಹ ಈ ಮಾತನ್ನು ನಿಲ್ಲಿಸುವ ಕೆಲಸ ಮಾಡಬಹುದಿತ್ತು. ಮಾಡಿದ್ದು ಗುಳಿಗೆ ಕೇಳಿಸುವ ಕೆಲಸ.

ಈಗ ಎರಡನೇ ಅರ್ಧಕ್ಕೆ ಬರುತ್ತೇನೆ. ಹಸಿವಿನ ಕೋಶಗಳ ಉರಿಯೂತಕ್ಕೆ ಔಷಧಿ ಸಿಕ್ಕಿದೆ ಎಂಬ ಸುದ್ದಿ ಇದೇ ಮೊದಲ ಸಲ ಬಂದದ್ದಲ್ಲ. 2015ರಲ್ಲಿ ಬಾಸ್ಟನ್‌ನ ಒಂದು ತಂಡ ಸೆಲಾಸ್ಟ್ರಾಲ್ ಎಂಬ ವಸ್ತುವನ್ನು ದಪ್ಪ ಇಲಿಗಳಿಗೆ ಕೊಟ್ಟಿತು. ಮೂರು ವಾರದಲ್ಲಿ ಶೇ 45ರವರೆಗೆ ತೂಕ ಇಳಿಯಿತು. ಲೆಪ್ಟಿನ್ ಇಲ್ಲದ ಇಲಿಗಳಲ್ಲಿ ಅಂಥ ಪರಿಣಾಮ ಕಾಣಲಿಲ್ಲ, ಆದ್ದರಿಂದ ಮಿದುಳಿಗೆ ಲೆಪ್ಟಿನ್ ಮತ್ತೆ ಕೇಳಿಸುವಂತೆ ಅದು ಮಾಡುತ್ತದೆ ಎಂದು ಗೊತ್ತಾಯಿತು. ಆಗಲೂ ಜಗತ್ತಿನ ತುಂಬ ಇಂಥದೇ ತಲೆಬರಹಗಳು. ಆದರೆ ಅದು ಬರುವುದು ಚೀನಾದ ಥಂಡರ್ ಗಾಡ್ ವೈನ್ ಎಂಬ ಬಳ್ಳಿಯ ಬೇರಿನಿಂದ. ಆ ಬಳ್ಳಿ ವಿಷ. ಮೂತ್ರಪಿಂಡ, ಯಕೃತ್ತು, ಹೃದಯ ಎಲ್ಲಕ್ಕೂ ಹೊಡೆತ ಕೊಡಬಲ್ಲದು, ಗಂಡಸರ ವೀರ್ಯಾಣುವನ್ನೂ ಇಳಿಸುತ್ತದೆ. ಇಷ್ಟಾದರೂ ಅದರ ಹೆಸರಿನ ಕ್ಯಾಪ್ಸೂಲು ಆನ್‌ಲೈನ್‌ನಲ್ಲಿ ಸಿಗುತ್ತದೆ. ಗಿಡಮೂಲಿಕೆ ಅಂದಕೂಡಲೇ ನಮ್ಮ ಜನಕ್ಕೆ ಒಂದು ನಂಬಿಕೆ. ಎಕ್ಕದ ಹಾಲೂ ಗಿಡದ್ದೇ ಅಲ್ವಾ?

ಆಮ್ಲೆಕ್ಸಾನಾಕ್ಸ್ ಎಂಬ ಇನ್ನೊಂದಿದೆ. ಜಪಾನಿನಲ್ಲಿ ಅಸ್ತಮಾಕ್ಕೆ, ಬೇರೆ ಕಡೆ ಬಾಯಿಹುಣ್ಣಿಗೆ ಬಳಸುತ್ತಿದ್ದ ಹಳೆಯ ಔಷಧಿ. ಉರಿಯೂತದ ಎರಡು ಕಿಣ್ವಗಳನ್ನು ಇದು ತಡೆಯುತ್ತದೆ ಎಂದು ಕಂಡುಕೊಂಡು 2013ರಲ್ಲಿ ಇಲಿಗಳಿಗೆ ಕೊಟ್ಟರು. ತೂಕ ಇಳಿಯಿತು, ಸಕ್ಕರೆ ಇಳಿಯಿತು. ಆಮೇಲೆ ಮನುಷ್ಯರಿಗೆ ಬಂತು. 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದ್ದವರು 42 ಜನ, ಬೊಜ್ಜು ಮತ್ತು ಸಕ್ಕರೆ ಕಾಯಿಲೆ ಎರಡೂ ಇದ್ದವರು. ಸಕ್ಕರೆ ಒಂದಿಷ್ಟು ಇಳಿಯಿತು, ಅದೂ ಮುಖ್ಯವಾಗಿ ಕೆಲವರಲ್ಲಿ. ಮೈಯಲ್ಲಿ ಉರಿಯೂತ ಜಾಸ್ತಿ ಇದ್ದವರಿಗೆ ಲಾಭ ಜಾಸ್ತಿ ಎಂಬ ಸುಳಿವು ಸಿಕ್ಕಿತು. ಒಳ್ಳೆಯ ಸುಳಿವೇ. ಆದರೆ ಇಲಿಯಲ್ಲಿ ಕಂಡ ಪವಾಡ ಅಲ್ಲಿ ಕಾಣಲಿಲ್ಲ.

2024ರಲ್ಲಿ ಮೆಲ್ಬರ್ನ್‌ನಿಂದ ಬಂದದ್ದು ಇನ್ನೂ ಸ್ವಾರಸ್ಯದ್ದು. ಎಜಿಆರ್‌ಪಿ ಕೋಶಗಳ ಸುತ್ತ ಒಂದು ಜಾಲರಿಯಂಥ ಹೊದಿಕೆ ಇರುತ್ತದಂತೆ. ಕೊಬ್ಬು, ಸಕ್ಕರೆ ತುಂಬಿದ ಆಹಾರದಿಂದ ಉರಿಯೂತವಾಗಿ ಆ ಜಾಲರಿ ದಪ್ಪಗಾಗಿ, ಇನ್ಸುಲಿನ್ ಕೋಶದ ತನಕ ಮುಟ್ಟುವುದೇ ಇಲ್ಲ. ಇಲಿಯ ಮೂಗಿನಲ್ಲಿ ಫ್ಲೂರೋಸಮೈನ್ ಎಂಬ ವಸ್ತು ಹಾಕಿ ಆ ಜಾಲರಿಯನ್ನು ಸಡಿಲ ಮಾಡಿದರು, ತೂಕ ಇಳಿಯಿತು. ಬುದ್ಧಿವಂತಿಕೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಮೂರರಲ್ಲಿ ಯಾವುದನ್ನೂ ಬೊಜ್ಜಿಗೆಂದು ನಾನು ಕೌಂಟರಿನಲ್ಲಿ ಕೊಡುವ ಹಾಗಿಲ್ಲ, ಡಾಕ್ಟರು ಚೀಟಿಯಲ್ಲಿ ಬರೆಯುವ ಹಾಗೂ ಇಲ್ಲ.

ಪ್ರಯೋಗಾಲಯದ ಇಲಿಯ ಬಗ್ಗೆಯೂ ಒಂದು ಮಾತು. ಅದಕ್ಕೆ ಹಾಕುವ ಆಹಾರದಲ್ಲಿ ಸಾಮಾನ್ಯವಾಗಿ ಶೇ 60ರಷ್ಟು ಕ್ಯಾಲರಿ ಕೊಬ್ಬಿನದ್ದೇ. ಎಲ್ಲ ಇಲಿಗಳೂ ಒಂದೇ ತಳಿ, ಒಂದೇ ವಯಸ್ಸು. ಪಂಜರದಲ್ಲೇ ವಾಸ. ಬಿ.ಪಿ. ಗುಳಿಗೆ ಇಲ್ಲ, ಥೈರಾಯ್ಡ್ ಗುಳಿಗೆ ಇಲ್ಲ, ಮಗನ ಸಾಲದ ಚಿಂತೆ ಇಲ್ಲ. ನಮ್ಮ ಗಿರಾಕಿಗಳ ಚೀಟಿಯಲ್ಲಿ ಒಂದೇ ಔಷಧಿ ಇರುವುದು ಅಪರೂಪ.

ಇನ್ನು ಡೆಕ್ಸಾಮೆಥಾಸೋನ್ ಕೇಳಿದವರ ವಿಷಯ. ಉರಿಯೂತ ತಾನೇ, ಉರಿಯೂತದ ಗುಳಿಗೆ ನುಂಗಿದರೆ ಮುಗೀತಲ್ಲ ಎಂದು ಯಾರಿಗಾದರೂ ಅನಿಸಬಹುದು. ಆದರೆ ಡೆಕ್ಸಾಮೆಥಾಸೋನ್, ಪ್ರೆಡ್ನಿಸೊಲೋನ್ ಇವೆಲ್ಲ ಸ್ಟಿರಾಯ್ಡ್. ಇವುಗಳನ್ನು ದಿನಗಟ್ಟಲೆ ನುಂಗಿದರೆ ಹಸಿವು ಇಳಿಯುವುದಿಲ್ಲ, ಏರುತ್ತದೆ. ಮುಖ ಊದುತ್ತದೆ, ಹೊಟ್ಟೆಯಲ್ಲಿ ಕೊಬ್ಬು ಸೇರುತ್ತದೆ, ರಕ್ತದ ಸಕ್ಕರೆ ಮೇಲೆ ಹೋಗುತ್ತದೆ. ಬೊಜ್ಜು ಇಳಿಸಲು ಬಂದವರು ಬೊಜ್ಜನ್ನೇ ಕೊಂಡು ಹೋದ ಹಾಗೆ. ಸುಮಾರು ದಿನ ತೆಗೆದುಕೊಂಡು ಒಮ್ಮೆಲೇ ನಿಲ್ಲಿಸಿದರೆ ಅದು ಇನ್ನೊಂದು ಅಪಾಯ. ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆಗಳಿಂದ ಜಠರದಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ, ಸಕ್ಕರೆ ಕಾಯಿಲೆ ಇದ್ದವರಿಗೆ ಮೊದಲೇ ಸೋತ ಮೂತ್ರಪಿಂಡ. ಅಲ್ಲದೆ ಉರಿಯೂತ ಎಂಬುದು ನಮ್ಮ ಮೈಯ ಕಾವಲು ಕೂಡ. ಮೈತುಂಬ ಅದನ್ನು ಆರಿಸಿಬಿಟ್ಟರೆ ಟಿ.ಬಿ.ಯಂಥ ಸೋಂಕುಗಳಿಗೆ ಬಾಗಿಲು ತೆರೆದ ಹಾಗೆ. ಮಿದುಳಿನ ಒಂದು ಮೂಲೆಯ ಉರಿಯೂತವನ್ನಷ್ಟೇ ಇಳಿಸಬೇಕು, ಉಳಿದದ್ದನ್ನು ಮುಟ್ಟಬಾರದು. ವಿಜ್ಞಾನಿಗಳು ಇಪ್ಪತ್ತು ವರ್ಷದಿಂದ ಒದ್ದಾಡುತ್ತಿರುವುದು ಅಲ್ಲಿಯೇ.

ಹಾಗಾದರೆ ಔಷಧಿಯೇ ಇಲ್ಲವಾ ಅಂದರೆ, ಇದೆ. ಅದನ್ನೂ ನಿಮ್ಮ ಸುದ್ದಿಯಲ್ಲಿ ಹೇಳಬೇಕಿತ್ತು. ಸೆಮಾಗ್ಲುಟೈಡ್ ಮತ್ತು ಟಿರ್ಜೆಪಟೈಡ್, ವಾರಕ್ಕೊಮ್ಮೆಯ ಇಂಜೆಕ್ಷನ್ನು. ಇವು ಉರಿಯೂತಕ್ಕೆಂದು ಮಾಡಿದ ಔಷಧಿಗಳಲ್ಲ. ಊಟವಾದ ಮೇಲೆ ಕರುಳಿನಿಂದ ಹೊರಡುವ ಜಿಎಲ್‌ಪಿ-1 ಎಂಬ ಹಾರ್ಮೋನಿನ ಹಾಗೆ ವರ್ತಿಸಿ, ಹೈಪೋಥಲಾಮಸ್‌ನ ಕೋಶಗಳಿಗೆ ಮತ್ತು ಮಿದುಳಿನ ಹಿಂಭಾಗಕ್ಕೆ 'ಸಾಕು' ಎಂದು ಹೇಳುತ್ತವೆ. ಇವನ್ನು ತೆಗೆದುಕೊಂಡವರ ರಕ್ತದಲ್ಲಿ ಸಿಆರ್‌ಪಿ ಎಂಬ ಉರಿಯೂತದ ಸೂಚಕವೂ ಇಳಿಯುತ್ತದೆ. 2021ರಲ್ಲಿ ಪ್ರಕಟವಾದ 1,961 ಜನರ ಪ್ರಯೋಗದಲ್ಲಿ ಸೆಮಾಗ್ಲುಟೈಡ್ ತೆಗೆದುಕೊಂಡವರ ತೂಕ 68 ವಾರದಲ್ಲಿ ಸರಾಸರಿ ಶೇ 14.9 ಇಳಿಯಿತು, ಸುಮ್ನೆ ನೀರಿನಂಥ ಇಂಜೆಕ್ಷನ್ನು ತೆಗೆದುಕೊಂಡವರದು ಶೇ 2.4. ಟಿರ್ಜೆಪಟೈಡ್‌ನ ದೊಡ್ಡ ಡೋಸಿನಲ್ಲಿ ಶೇ 20ರಷ್ಟು. ಇದು ಮನುಷ್ಯರ ಲೆಕ್ಕ, ಇಲಿಯದ್ದಲ್ಲ. ಆದರೆ ನಿಲ್ಲಿಸಿದರೆ? ಅದೇ ಸೆಮಾಗ್ಲುಟೈಡ್ ಪ್ರಯೋಗದಲ್ಲಿದ್ದ ಕೆಲವರನ್ನು ಔಷಧಿ ನಿಲ್ಲಿಸಿ ಒಂದು ವರ್ಷ ನೋಡಿದಾಗ, ಇಳಿದ ತೂಕದಲ್ಲಿ ಮೂರನೇ ಎರಡು ಭಾಗ ವಾಪಸು ಬಂದಿತ್ತು. ಮಗಳ ಮದುವೆಯ ತನಕ ಮೂರು ತಿಂಗಳು ಚುಚ್ಚಿಸಿದರೆ ಸಾಕು ಎಂದುಕೊಂಡು ಬರುವವರಿಗೆ ಇದನ್ನು ಮೊದಲೇ ಹೇಳಬೇಕು.

ರೊಕ್ಕದ ಮಾತೂ ಇದೆ. 2025ರ ಮಾರ್ಚ್‌ನಲ್ಲಿ ಟಿರ್ಜೆಪಟೈಡ್ ನಮ್ಮ ದೇಶಕ್ಕೆ ಬಂದಾಗ ಸಣ್ಣ ಡೋಸಿನ ಒಂದು ವಯಲ್‌ಗೆ 3,500 ರೂಪಾಯಿ, ಅದು ಒಂದು ವಾರಕ್ಕೆ. ತಿಂಗಳಿಗೆ ನಾಲ್ಕು. ಸೆಮಾಗ್ಲುಟೈಡ್‌ನ ಪೇಟೆಂಟ್ ಭಾರತದಲ್ಲಿ 2026ರ ಮಾರ್ಚ್‌ವರೆಗಿನದು, ಅದು ಮುಗಿದ ಮೇಲೆ ಬೇರೆ ಕಂಪನಿಗಳೂ ಮಾಡಬಹುದು, ಬೆಲೆ ಇಳಿಯುತ್ತದೆ. ಬೆಲೆ ಇಳಿಯುವುದು ಒಳ್ಳೆಯದೇ. ಬೆಲೆ ಇಳಿದಷ್ಟೂ ಚೀಟಿ ಇಲ್ಲದೆ ಕೇಳುವವರು ಜಾಸ್ತಿಯಾಗುತ್ತಾರೆ ಎಂಬುದು ನನ್ನ ಚಿಂತೆ.

ಚೀಟಿ ಯಾಕೆ ಬೇಕು? ಸಕ್ಕರೆಗೆ ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಈ ಇಂಜೆಕ್ಷನ್ನನ್ನು ಸೇರಿಸಿಕೊಂಡರೆ ಸಕ್ಕರೆ ತೀರಾ ಇಳಿದು ತಲೆ ತಿರುಗಿ ಬೀಳಬಹುದು, ಹಳೆಯ ಡೋಸನ್ನು ಡಾಕ್ಟರು ಕಡಿಮೆ ಮಾಡಬೇಕು. ಮೇದೋಜೀರಕದ ಉರಿಯೂತ ಆಗಿದ್ದವರು ಹುಷಾರಾಗಿರಬೇಕು. ಮನೆತನದಲ್ಲಿ ಮೆಡುಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ಇದ್ದರೆ ಕೊಡುವಂತಿಲ್ಲ. ಬಸುರಿಯರಿಗೆ ಇಲ್ಲ, ಬಸುರಾಗಬೇಕು ಎಂದುಕೊಂಡವರೂ ಮೊದಲೇ ನಿಲ್ಲಿಸಬೇಕು. ವಾಕರಿಕೆ, ವಾಂತಿ, ಮಲಬದ್ಧತೆ ಸಾಮಾನ್ಯ, ಅದಕ್ಕೇ ಸಣ್ಣ ಡೋಸಿನಿಂದ ಶುರು ಮಾಡಿ ನಿಧಾನಕ್ಕೆ ಏರಿಸುತ್ತಾರೆ. ಸೆಮಾಗ್ಲುಟೈಡ್‌ನ ಗುಳಿಗೆಯೂ ಇದೆ, ಸಕ್ಕರೆ ಕಾಯಿಲೆಗೆ. ಅದನ್ನು ಮುಂಜಾನೆ ಖಾಲಿ ಹೊಟ್ಟೆಯಲ್ಲಿ ಅರ್ಧ ಲೋಟ ನೀರಿನ ಜೊತೆ ನುಂಗಿ ಅರ್ಧ ಗಂಟೆ ಏನೂ ಮುಟ್ಟಬಾರದು. ನಮ್ಮವರು ಚಹಾದ ಜೊತೆ ನುಂಗಿ, ಗುಣ ಕಾಣಲಿಲ್ಲ ಎನ್ನುತ್ತಾರೆ.

ಇನ್ನೊಂದು ವಿಷಯವನ್ನು ಅಂಗಡಿಯವನಾಗಿ ಹೇಳಲೇಬೇಕು. ಈ ಇಂಜೆಕ್ಷನ್ನು ತುಂಬಿ ಬರುವ ಪೆನ್ನುಗಳನ್ನು ಬಳಕೆ ಶುರುವಾಗುವವರೆಗೆ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಫ್ರೀಜರಿನಲ್ಲಿಟ್ಟು ಗಡ್ಡೆ ಕಟ್ಟಿದರೆ ಎಸೆಯಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬಾಗಲಕೋಟೆ, ವಿಜಯಪುರದ ಬಿಸಿಲು ಎಷ್ಟಿರುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಒಬ್ಬರು ಪುಣೆಯ ತಮ್ಮನಿಂದ ಅಗ್ಗಕ್ಕೆ ತರಿಸಿದೆ ಅಂತ ಪೆನ್ನು ತೋರಿಸಲು ತಂದಿದ್ದರು. ರಾತ್ರಿ ಬಸ್ಸಿನಲ್ಲಿ ಡ್ರೈವರ್ ಕೈಯಲ್ಲಿ ಕೊಟ್ಟು ಕಳಿಸಿದ್ದು. ಐಸ್ ಪ್ಯಾಕು ಇಲ್ಲ, ಒಂದು ಪ್ಲಾಸ್ಟಿಕ್ ಚೀಲ. ಡಬ್ಬಿಯ ಮೇಲಿನ ಬ್ಯಾಚ್ ನಂಬರು ಒಂದು, ಪೆನ್ನಿನ ಮೇಲಿನದು ಇನ್ನೊಂದು. ಚುಚ್ಚಿಕೊಳ್ಳಬೇಡಿ ಎಂದೆ. ರೊಕ್ಕ ಕೊಟ್ಟಾಗಿದೆಯಲ್ಲ ಎಂದರು.

ಮಿದುಳಿನ ಹಸಿವನ್ನು ಹಿಡಿಯಲು ಹೋಗಿ ಕೈಸುಟ್ಟುಕೊಂಡ ಚರಿತ್ರೆಯೂ ಇದೆ. ರಿಮೋನಬಂಟ್ ಎಂಬ ಗುಳಿಗೆ 2006ರಲ್ಲಿ ಯುರೋಪಿನಲ್ಲಿ ಬಂತು. ತೂಕ ಇಳಿಸಿತು. ಜೊತೆಗೆ ಖಿನ್ನತೆ, ಆತ್ಮಹತ್ಯೆಯ ಯೋಚನೆ ತಂದಿತು. 2008ರಲ್ಲಿ ನಿಂತಿತು, ಭಾರತದಲ್ಲೂ ಆಮೇಲೆ ನಿಷೇಧವಾಯಿತು. ಸಿಬುಟ್ರಮೈನ್ ಎಂಬ ಇನ್ನೊಂದು ತೂಕದ ಗುಳಿಗೆ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಏರಿಸಿತೆಂದು 2010ರಲ್ಲಿ ಅಮೆರಿಕ, ಯುರೋಪುಗಳಿಂದ ಹೋಯಿತು. ಇಲ್ಲೂ ಹೋಯಿತು. ಈಗಲೂ ಅದು ತೂಕ ಇಳಿಸುವ 'ಆಯುರ್ವೇದ' ಪುಡಿಗಳಲ್ಲಿ ಕದ್ದು ಕಲಸಿರುವುದು ಜಗತ್ತಿನ ಹಲವು ಕಡೆ ಸಿಕ್ಕಿಬೀಳುತ್ತದೆ. ಈ ಗುಳಿಗೆಗಳೆಲ್ಲ ಮನುಷ್ಯರ ಪರೀಕ್ಷೆ ದಾಟಿ ಬಂದವೇ. ದಾಟಿದ ಮೇಲೂ ಹೀಗಾಗುತ್ತದೆ ಅಂದರೆ, ಇನ್ನೂ ಇಲಿಯಲ್ಲೇ ಇರುವುದನ್ನು ಔಷಧಿ ಎನ್ನುವುದು ಎಷ್ಟು ಸರಿ?

ಊಟದ ಬಗ್ಗೆಯೂ ನಿಮ್ಮ ಸುದ್ದಿಯಲ್ಲಿ ಒಂದಿಷ್ಟು ಇರಬೇಕಿತ್ತು. ಉರಿಯೂತ ತರುವುದು ಊಟ ಎಂದು ಹೇಳಿ, ಊಟದ ಬಗ್ಗೆ ಒಂದು ಸಾಲೂ ಇಲ್ಲ. ನಮ್ಮ ಕಡೆ ಸಂಜೆಯಾದರೆ ಮಿರ್ಚಿ ಭಜಿ, ಗಿರ್ಮಿಟ್ಟು ಬೇಕೇ ಬೇಕು. ನಾನೂ ತಿನ್ನುತ್ತೇನೆ, ಬಿಡಿ ಎನ್ನುವುದಿಲ್ಲ. ಆದರೆ ಬಾಣಲೆಯಲ್ಲಿ ಮೊದಲಿನ ಶೇಂಗಾ ಎಣ್ಣೆ, ಕುಸುಬಿ ಎಣ್ಣೆ ಹೋಗಿ ಪಾಮ್ ಎಣ್ಣೆ ಬಂದಿದೆ. ಅದರಲ್ಲಿ ಶೇ 40ಕ್ಕಿಂತ ಜಾಸ್ತಿ ಪಾಲ್ಮಿಟಿಕ್ ಆಮ್ಲ, ಇಲಿಯ ಮಿದುಳಿನ ಕಾವಲು ಕೋಶಗಳನ್ನು ಕೆರಳಿಸಿದ ಅದೇ ಕೊಬ್ಬು. ಅದೇ ಎಣ್ಣೆ ಮುಂಜಾನೆಯಿಂದ ರಾತ್ರಿವರೆಗೆ ಕುದಿಯುತ್ತಿರುತ್ತದೆ. ಕುಸುಬಿ ಬೆಳೆಯುವ ಎರೆ ಭೂಮಿಯಲ್ಲಿ ಕೂತು ಹಡಗಿನಲ್ಲಿ ಬಂದ ಎಣ್ಣೆ ತಿನ್ನುತ್ತಿದ್ದೇವೆ.

2012ರಲ್ಲಿ ಅದೇ ಕ್ಯಾಂಪಿನಾಸ್‌ನ ವಿಜ್ಞಾನಿಗಳು ಇಲಿಗಳ ಆಹಾರದ ಕೊಬ್ಬಿನಲ್ಲಿ ಒಂದು ಭಾಗವನ್ನು ತೆಗೆದು ಅಗಸಿ ಎಣ್ಣೆ ಅಥವಾ ಆಲಿವ್ ಎಣ್ಣೆ ಹಾಕಿ ನೋಡಿದರು. ಹೈಪೋಥಲಾಮಸ್‌ನ ಉರಿಯೂತ ಇಳಿಯಿತು. ಅಗಸಿ ಅಂದರೆ ನಮ್ಮ ಅಗಸಿ ಚಟ್ನಿಯ ಅಗಸಿಯೇ! ಇದನ್ನು ಬರೆಯುವಾಗಲೇ ನನಗೆ ಭಯ, ನಾಳೆ 'ಅಗಸಿ ಚಟ್ನಿ ತಿಂದರೆ ಬೊಜ್ಜು ಮಾಯ' ಎಂದು ನೀವು ತಲೆಬರಹ ಹಾಕಿಬಿಟ್ಟರೆ? ಆ ಇಲಿಗಳಿಗೆ ಎಣ್ಣೆಯನ್ನೇ ಬದಲಿಸಿದ್ದರು, ರೊಟ್ಟಿಯ ಅಂಚಿಗೆ ಒಂದು ಚಮಚ ಹಚ್ಚಿದ್ದಲ್ಲ. ಜೋಳದ ರೊಟ್ಟಿ, ಮಡಕಿ ಕಾಳು, ಪುಂಡಿ ಪಲ್ಯೆ, ಅಗಸಿ ಚಟ್ನಿ ಒಳ್ಳೆಯ ಊಟ, ಅಷ್ಟು ಹೇಳಿದರೆ ಸಾಕು. ಅದರ ಮೇಲೆ ತಾಟಿನ ತುಂಬ ಅನ್ನ, ಆಮೇಲೆ ಕರದಂಟು ಹೋದರೆ ಅದು ಬೇರೆ ಲೆಕ್ಕ. ವ್ಯಾಯಾಮಕ್ಕೂ ಇಂಥದೇ ಪುರಾವೆ ಇದೆ, ಕ್ಯಾಂಪಿನಾಸ್‌ನವರದೇ 2010ರ ಕೆಲಸ. ವ್ಯಾಯಾಮ ಮಾಡಿಸಿದ ದಪ್ಪ ಇಲಿಗಳ ಹೈಪೋಥಲಾಮಸ್‌ನಲ್ಲಿ ಉರಿಯೂತ ಇಳಿದು, ಲೆಪ್ಟಿನ್ ಮತ್ತು ಇನ್ಸುಲಿನ್ ಮತ್ತೆ ಕೆಲಸ ಮಾಡತೊಡಗಿದವು. ಇದೂ ಇಲಿಯದೇ. ಆದರೆ ನಡೆಯುವುದಕ್ಕೆ ಅಡ್ಡ ಪರಿಣಾಮ ಇಲ್ಲ, ಚೀಟಿಯೂ ಬೇಡ.

2023ರಲ್ಲಿ ಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ. ಹೊಟ್ಟೆಯ ಬೊಜ್ಜು ಇರುವವರು ಶೇ 39.5. ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಆ ಲೆಕ್ಕಕ್ಕೆ ಬಂದ ಹಾಗೆ. ಟೇಲರ್ ಟೇಪು ಸಾಕು, ಎಂಆರ್‌ಐ ಬೇಡ. ಇಷ್ಟು ಜನರಿಗೆ ಸಂಬಂಧಿಸಿದ ವಿಷಯವನ್ನು ಅರ್ಧ ಹೇಳಿ ಬಿಡಬಾರದು.

ಇನ್ನು ನಿಮ್ಮ ಪತ್ರಿಕೆಯ ಬಗ್ಗೆಯೇ ಒಂದು ದೂರು. ಆ ಸುದ್ದಿ ಬಂದ ಹಾಳೆಯನ್ನು ತಿರುವಿದರೆ ಹಿಂದಿನ ಪುಟದಲ್ಲೇ ಒಂದು ಜಾಹೀರಾತು. ತಿಂಗಳಲ್ಲಿ 10 ಕೆಜಿ ಇಳಿಸುವ ಪುಡಿ, ಪಥ್ಯ ಬೇಡ, ವ್ಯಾಯಾಮ ಬೇಡ, ಸಕ್ಕರೆ ಕಾಯಿಲೆಯೂ ಬುಡಸಮೇತ ಹೋಗುತ್ತದೆ, ಫೋನ್ ಮಾಡಿ. 1954ರಿಂದಲೇ ಒಂದು ಕಾಯ್ದೆ ಇದೆ, ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳ ಕಾಯ್ದೆ. ಯಾವ ಯಾವ ಕಾಯಿಲೆ ಗುಣ ಮಾಡುತ್ತೇವೆ ಎಂದು ಜಾಹೀರಾತು ಕೊಡಬಾರದು ಎಂಬ ಪಟ್ಟಿ ಅದರಲ್ಲಿದೆ. ಬೊಜ್ಜೂ ಆ ಪಟ್ಟಿಯಲ್ಲಿದೆ, ಸಕ್ಕರೆ ಕಾಯಿಲೆಯೂ ಇದೆ. ಕೊಟ್ಟವನದ್ದು ಮಾತ್ರ ತಪ್ಪಲ್ಲ, ಅಚ್ಚು ಹಾಕುವುದೂ ಪ್ರಕಟಣೆಯಲ್ಲಿ ಕೈ ಜೋಡಿಸಿದ ಹಾಗೆಯೇ. ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲಾಗಬಹುದು, ದಂಡವೂ ಬೀಳಬಹುದು. ಒಂದು ಪುಟದಲ್ಲಿ ಮಿದುಳಿನ ಉರಿಯೂತದ ಸುದ್ದಿ, ಅದರ ಬೆನ್ನಿಗೆ ಪುಡಿಯ ಫೋನ್ ನಂಬರು. ಓದಿದವರು ಏನು ಮಾಡುತ್ತಾರೆ ಹೇಳಿ?

ಆದ್ದರಿಂದ ಇಂಥ ಸುದ್ದಿ ಹಾಕುವಾಗ ಪ್ರಯೋಗ ಇಲಿಯ ಮೇಲೋ ಮನುಷ್ಯರ ಮೇಲೋ, ಎಷ್ಟು ಜನರ ಮೇಲೆ ಎಂಬುದನ್ನು ತಲೆಬರಹದಲ್ಲೇ ಹಾಕಿ. ಜಾಗ ಸಾಲದಿದ್ದರೆ 'ಔಷಧಿ ಸಿಕ್ಕಿದೆ' ಎಂಬುದನ್ನು ತೆಗೆಯಿರಿ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಕಡೆ ವೈದ್ಯಕೀಯ ಕಾಲೇಜುಗಳಿವೆ, ಅಚ್ಚಿಗೆ ಹೋಗುವ ಮೊದಲು ಅಲ್ಲಿನ ಒಬ್ಬ ಡಾಕ್ಟರಿಗೆ ಫೋನ್ ಮಾಡಿ. ಗಿಡಮೂಲಿಕೆಯ ವಿಷಯವಾದರೆ ಬೆಳಗಾವಿಯಲ್ಲೇ ಐಸಿಎಂಆರ್‌ನ ರಾಷ್ಟ್ರೀಯ ಸಾಂಪ್ರದಾಯಿಕ ವೈದ್ಯ ಸಂಸ್ಥೆ ಇದೆ, ಅವರನ್ನು ಕೇಳಿ. ಈ ಪತ್ರವನ್ನು ಕತ್ತರಿಸಿ ಹಾಕುವುದಾದರೆ ನನ್ನ ವಿಜ್ಞಾನದ ಪ್ಯಾರಾಗಳನ್ನು ಬೇಕಾದರೆ ಕತ್ತರಿಸಿ, ಅದನ್ನು ನನಗಿಂತ ಚೆನ್ನಾಗಿ ಬರೆಯುವವರಿದ್ದಾರೆ. ಸ್ಟಿರಾಯ್ಡ್ ಬಗ್ಗೆ ಬರೆದದ್ದನ್ನು, ಪೆನ್ನನ್ನು ಎಲ್ಲಿ ಇಡಬೇಕು ಎಂಬುದನ್ನು, 1954ರ ಕಾಯ್ದೆಯ ಮಾತನ್ನು ಮಾತ್ರ ಬಿಡಬೇಡಿ. ಆ ಪುಡಿಯ ಜಾಹೀರಾತು ಮುಂದಿನ ವಾರವೂ ಬಂದರೆ ಅದನ್ನು ಕತ್ತರಿಸಿಕೊಂಡು ಔಷಧ ನಿಯಂತ್ರಣ ಇಲಾಖೆಗೆ ಬರೆಯುತ್ತೇನೆ, ಒಂದು ಪ್ರತಿ ನಿಮಗೂ ಕಳಿಸುತ್ತೇನೆ.

ಇಂತಿ ನಿಮ್ಮ ಓದುಗ,
ಒಬ್ಬ ಮೆಡಿಕಲ್ ಅಂಗಡಿಯವನು
ನವನಗರ, ಬಾಗಲಕೋಟೆ